ತಮ್ಮನ ಸ್ಕೂಟರಿನ ವೇಗ ಹನುಮಪ್ಪನೇ ತೋರಿಸಿದ

ಆಂಜನೇಯನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಳೆದ ಶ್ರಾವಣದ ಮೊದಲ ಶನಿವಾರ ಮತ್ತಿಕೆರೆಯಲ್ಲಿ ನನ್ನ ತಮ್ಮ ಮಂಜುವಿನ ಸ್ಕೂಟರಿಗೆ ಕಾರು ಗುದ್ದಿತು. ಕಾರು ಓಡಿಸುತ್ತಿದ್ದವರು ಹೊರಗಿನವರಲ್ಲ, ನನ್ನ ಗಂಡನ ಅಣ್ಣ. "ಬಲಗಾಲು ಉಳಿಯೋದು ಕಷ್ಟ" ಎಂದರು ಡಾಕ್ಟರು. ಎನ್.ಆರ್. ಕಾಲೋನಿಯ ನಮ್ಮ ಗುಡಿಗೆ ಓಡಿ, ಕಾಲು ಉಳಿಸಪ್ಪ, ವಡೆಮಾಲೆ ಹಾಕಿಸ್ತೀನಿ ಎಂದು ಹರಕೆ ಹೊತ್ತೆ. ಮರುದಿನವೇ ಕಾಲು ಕತ್ತರಿಸಿದರು. ಆಮೇಲೆ ನಾನು ಆ ಬೀದಿಗೇ ಕಾಲಿಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಗಾಯದ ಮೇಲೆ ಬರೆ ಎಳೆಯಲು ಮನೆಯವರೇ ಬಂದರು. ಮಂಜು ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದ ಎಂದು ಪೊಲೀಸರಿಗೆ ತೋರಿಸಲು ಭಾವ ಅಪಘಾತದ ಒಂದು ಅನಿಮೇಶನ್ ಮಾಡಿಸಿದ್ದರು. ತಲೆಗೂ ಪೆಟ್ಟಾಗಿದ್ದ ಮಂಜುವಿಗೆ ಏನೂ ನೆನಪಿಲ್ಲ. ಅವನಿಗೆಂದು ತಂದ ಮೂಸಂಬಿಯನ್ನು ತಾವೇ ಸುಲಿದು ತಿನ್ನುತ್ತಾ ಅತ್ತೆ ಹೇಳಿದರು: "ತಪ್ಪು ನಂದೇ ಅಂತ ಬರ್ಕೊಟ್ಬಿಡ್ಲಿ. ಕಾಲಂತೂ ಹೋಯ್ತು, ನನ್ನ ಮಗನ ಮಾನ ಆದ್ರೂ ಉಳೀಲಿ."

ನಾನು ಚಾಮರಾಜಪೇಟೆಯ ಸ್ಟುಡಿಯೋ ಒಂದರಲ್ಲಿ ಮಕ್ಕಳ ಕಾರ್ಟೂನಿಗೆ ಅನಿಮೇಶನ್ ಮಾಡುವವಳು. "ನಿನ್ನ ಕೆಲಸಾನೂ ಇದೇ ಅಲ್ವೇನಮ್ಮ? ನೀನೇ ನೋಡ್ಕೋ" ಎಂದು ಭಾವ ಪೆನ್‌ಡ್ರೈವ್ ನನ್ನ ಮಡಿಲಿಗೆ ಎಸೆದರು. ಬರೀ ವಿಡಿಯೋ ಆಗಿದ್ದರೆ ನಾನು ಅಳಬೇಕಿತ್ತು, ಅಷ್ಟೆ. ಅದರಲ್ಲಿ ಅನಿಮೇಶನ್ ಕಟ್ಟಿದ ಮೂಲ ಫೈಲೇ, ಒಳಗಿನ ಅಂಕಿಗಳ ಸಮೇತ ಇತ್ತು! ಅವರ ಕೈಯಿಂದಲೇ ಅದನ್ನು ಕೊಡಿಸಿದವನು ಯಾರು ಹೇಳಿ?

ಸ್ಕೂಟರಿನ ಚಾನೆಲ್ ತೆರೆದೆ. ಪ್ರತಿ ಫ್ರೇಮಿನಲ್ಲಿ ಗಾಡಿ ಎಲ್ಲಿದೆ ಎಂಬುದು ಅದರಲ್ಲಿರುತ್ತದೆ. ಒಂದು ಫ್ರೇಮಿನಿಂದ ಮುಂದಿನದಕ್ಕೆ ಎಷ್ಟು ಸರಿಯಿತು ಎಂದು ಕಳೆದು, ಸೆಕೆಂಡಿಗೆ ಎಷ್ಟು ಫ್ರೇಮೋ ಅಷ್ಟರಿಂದ ಗುಣಿಸಿದರೆ ವೇಗ. ಆ ವೇಗ ಹೇಗೆ ಏರಿಳಿಯುತ್ತದೆ ಎಂದು ಹಾಗೆಯೇ ನೋಡಿದರೆ ವೇಗೋತ್ಕರ್ಷ. ಲೆಕ್ಕ ಮಾಡಿದೆ. ಗಾಡಿ ಸೊನ್ನೆಯಿಂದ ಹೊರಟು, ನಡುದಾರಿಯಲ್ಲಿ ಅರವತ್ತು ಮುಟ್ಟಿ, ಏರಿದ ಹಾಗೆಯೇ ಇಳಿದು, ಡಿಕ್ಕಿಯ ಹೊತ್ತಿಗೆ ಮತ್ತೆ ಸೊನ್ನೆ! ನಿಂತ ಸ್ಕೂಟರ್ ಕಾರಿಗೆ ಹೋಗಿ ಗುದ್ದುತ್ತದೆಯೇ?

ಸಿಸಿಟಿವಿಯಿಂದ ಅನಿಮೇಶನ್ ಮಾಡಿದವರಿಗೆ ಸಿಕ್ಕಿದ್ದು ಎರಡೇ ಜಾಗ, ಮೆಡಿಕಲ್ ಶಾಪಿನ ಮುಂದೆ ಮತ್ತು ಡಿಕ್ಕಿಯಾದಲ್ಲಿ. ನಡುವಿನದನ್ನೆಲ್ಲ ಸಾಫ್ಟ್‌ವೇರ್ ತಾನೇ ನಯವಾಗಿ ತುಂಬಿತ್ತು. ಅದನ್ನು ನೇರ ಮಾಡುವುದು, ಅಂದರೆ ಉದ್ದಕ್ಕೂ ಒಂದೇ ವೇಗದಲ್ಲಿ ಸಾಗುವಂತೆ ಮಾಡುವುದು, ನಮ್ಮ ಕಸುಬಿನ ಮೊದಲ ಪಾಠ. ನೇರ ಮಾಡಿದೆ, ನಲವತ್ತು ಬಂತು. ಅದೇ ಲೆಕ್ಕ ಭಾವನ ಕಾರಿಗೂ ಹಾಕಿದೆ. ಅದು ನೇರ ಮಾಡಿದರೂ ಎಪ್ಪತ್ತರ ಕೆಳಗೆ ಇಳಿಯಲಿಲ್ಲ.

ಫೈಲನ್ನೂ ಲೆಕ್ಕವನ್ನೂ ಪೊಲೀಸರಿಗೆ ಕೊಟ್ಟೆ. ಕೇಸು ಭಾವನ ಮೇಲೆ ನಿಂತಿತು. ಅತ್ತೆ ಅತ್ತರು. ನನಗೆ ಖುಷಿಯಾಯಿತು, ದೇವರ ವಿಷಯ ಬರೆಯುವಾಗ ಸುಳ್ಳೇಕೆ?

ಕುಣಿಯುತ್ತಾ ಹೋಗಿ ಮಂಜುವಿಗೆ ಹೇಳಿದೆ. ಅವನು ಕಾಲಿಲ್ಲದ ಕಡೆ ಹೊದಿಕೆ ಸರಿಮಾಡಿಕೊಂಡ. "ನಾನೇ ಜೋರಾಗಿ ಹೋಗಿದ್ದೆ ಅಂದ್ಕೊಂಡು ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ ಕಣಕ್ಕ. ಈಗ ಯಾರನ್ನ ಬೈಲಿ?"

"ಹನುಮಪ್ಪನ್ನೇ ಬೈಯೋ. ನಾನೂ ಬೈತಿದೀನಿ" ಎಂದೆ. ಇಬ್ಬರೂ ಅತ್ತೆವು.

ವಡೆಮಾಲೆ ಹಾಕಿಸಿದೆ. "ಕಾಲು ಉಳಿಸ್ದೇ ಇದ್ದೋನಿಗೆ ಯಾಕ್ರೀ?" ಎಂದರು ಪಕ್ಕದ ಮನೆಯವರು. ಸುಳ್ಳು ಹೇಳಿದವರ ಕೈಯಿಂದಲೇ ಸತ್ಯ ಕೊಡಿಸಿದನಲ್ಲ, ಅದಕ್ಕೆ. ಅವನು ಇದ್ದಾನೆ, ಕೇಳಿಸಿಕೊಳ್ಳುತ್ತಾನೆ, ಇನ್ನು ನನಗೆ ಅನುಮಾನವಿಲ್ಲ. ಕಾಲಿನ ಜಗಳ ಮಾತ್ರ ಮುಗಿದಿಲ್ಲ. ಪ್ರತಿ ಶನಿವಾರ ಹೋಗಿ ಆಡಿ ಬರುತ್ತೇನೆ.