ಮೂರು ಫ್ಯಾನಿನ ಹೊಟ್ಟೆಕಿಚ್ಚು

ಗೆಳೆಯರೇ, ನಾನೂ ಸಲೀಮನೂ ಬಸವಕಲ್ಯಾಣದಲ್ಲಿ ಮದುವೆ ವಿಡಿಯೊ ಮಾಡುವವರು. ಇಬ್ಬರದೂ ಆಫೀಸಿನವರು ಮಾರಿದ ಹಳೆಯ ಸಣ್ಣ ಪಿಸಿ. ಅವನು ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಾನೆಂದು ಕೇಳಿ ಹೊಟ್ಟೆ ಉರಿಯಿತು. ಇವತ್ತು ಬಸ್ಸು ಹತ್ತಿ, ಅವನು ಕಾರ್ಡ್ ಕೊಂಡ ಹುಮನಾಬಾದಿನ ಅಂಗಡಿಗೇ ಹೋದೆ.

"ಸಲೀಂಗ ಕೊಟ್ಟಿದ್ದೇ ನನಗೂ ಕೊಡ್ರಿ."

ಅಂಗಡಿಯವರು ನನ್ನ ಪಿಸಿಯ ಫೋಟೊ ನೋಡಿ ನಕ್ಕರು. "ಇಷ್ಟು ಸಣ್ಣ ಡಬ್ಬಾದಾಗ ಅದು ಹಿಡಿಯಂಗಿಲ್ರಿ. ನಿಮ್ಮ ಪವರ್ ಸಪ್ಲೈಗೆ ಈ ಒಂದು ಫ್ಯಾನಿಂದೇ ಬರೋಬರ್."

"ಮತ್ತ ಸಲೀಂದು ಹ್ಯಾಂಗ ಹಿಡೀತು?"

"ಎಲ್ಲಿ ಹಿಡೀತ್ರಿ? ಡಬ್ಬಾದ ಬಾಗಿಲಾ ತೆಗದಿಟ್ಟು ನಡಸಾಕತ್ತಾರ!"

ನನಗೆಷ್ಟು ಸಮಾಧಾನವಾಯಿತೆಂದರೆ, ಚೌಕಾಸಿ ಮಾಡದೆ ಸಣ್ಣದನ್ನೇ ತಂದು ಹಾಕಿದೆ. ಒಳಗೆ ಸರಿಯಾಗಿ ಕೂತಿದೆ, ಚೆನ್ನಾಗಿಯೂ ಓಡುತ್ತಿದೆ.

ಆದರೂ ಡಬ್ಬಾದ ಬಾಗಿಲು ತೆಗೆದಿಟ್ಟಿದ್ದೇನೆ. ನೋಡಿದವರು ಸಲೀಮನದರಂತೆಯೇ ಇದೆ ಅನ್ನಬೇಕಲ್ಲ!