ಕಂಪ್ಯೂಟರಿಗೆ ಹೊಲಿದ ಅಂಗಿ

ಮೊನ್ನೆ ಮಧ್ಯಾಹ್ನ ಗೋಡೆಗೊರಗಿ ಕೂತು, ತೊಡೆಯ ಮೇಲೊಂದು ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದರೊಳಗಿನ ಫ್ಯಾನು ಏದುಸಿರು ಬಿಡತೊಡಗಿತು. ಹಿಂದೆಯೇ ಒಂದು ವಾಸನೆ. ಸುಟ್ಟ ವಾಸನೆಯಲ್ಲ, ಆಗಷ್ಟೇ ಇಸ್ತ್ರಿ ಮಾಡಿದ ಹತ್ತಿ ಬಟ್ಟೆಯ ಬೆಚ್ಚಗಿನ ವಾಸನೆ, ಅದರೊಳಗೆ ಎಲ್ಲೋ ಸ್ವಲ್ಪ ಧೂಳು. "ದಿಂಬಿನ ಮ್ಯಾಲಿಂದ ತಗೀರಿ ಅದನ್ನ" ಎಂದು ಹೆಂಡತಿ ಒಳಗಿನಿಂದಲೇ ಕೂಗಿದಳು. ನಾನು ತೆಗೆಯಲಿಲ್ಲ. ಅಷ್ಟರಲ್ಲಿ ಹೊಸಪೇಟೆಯ ನಮ್ಮ ನಡುಮನೆಗೆ ಹೋಗಿ ಕೂತುಬಿಟ್ಟಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ತರ್ಕಶಾಸ್ತ್ರ ಓದಿದವನು, ಅದನ್ನೇ ಕಾಲೇಜಿನಲ್ಲಿ ಹೇಳಿಕೊಟ್ಟು ಹೊಟ್ಟೆ ಹೊರೆಯುವವನು. ನೆನಪು ಎಂಬ ಸಾಕ್ಷಿಯನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಆದ್ದರಿಂದ ಮುಂದೆ ನಾನು ಹೇಳುವುದನ್ನೆಲ್ಲ ನೀವು ಅರ್ಧಕ್ಕರ್ಧ ಕಡಿಮೆ ಮಾಡಿಕೊಂಡು ಕೇಳಬಹುದು. ಉದಾಹರಣೆಗೆ, ಕಥೆಯ ಮುಖ್ಯ ಪಾತ್ರವಾದ ಆ ಕವರಿನ ಬಣ್ಣ ನೀಲಿ ಎಂದು ನನ್ನ ನೆನಪು. ಅಮ್ಮ ಹಸಿರು ಅನ್ನುತ್ತಾಳೆ. ಅಪ್ಪ ಇದ್ದಾಗ ಈ ಜಗಳ ಎದ್ದರೆ, "ಅದಕ್ಕ ಬಣ್ಣ ಎಲ್ಲಿತ್ತು? ಎಲ್ಲಾ ಕೆಂಪ ಅಲ್ಲೇನು?" ಎಂದು ಮುಗಿಸಿಬಿಡುತ್ತಿದ್ದರು.

ಅಪ್ಪ ಹೇಳಿದ್ದರಲ್ಲಿ ಅರ್ಥವಿತ್ತು. ಕಬ್ಬಿಣದ ಅದಿರಿನ ಕಾಲ ಅದು. ಸಂಡೂರಿನ ಕಡೆಯಿಂದ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ಹಚ್ಚಿಕೊಂಡು ಬರುತ್ತಿದ್ದವು. ಅವು ನಮ್ಮ ಓಣಿಗೆ ಬರುತ್ತಿರಲಿಲ್ಲ. ಅವುಗಳ ಧೂಳು ಮಾತ್ರ ತಪ್ಪದೆ ಬರುತ್ತಿತ್ತು. ಅಮ್ಮ ತುಳಸಿಯನ್ನು ಮೊದಲು ಎಲೆ ಎಲೆಯಾಗಿ ತೊಳೆದು, ಆಮೇಲೆ ನಮಸ್ಕಾರ ಮಾಡುತ್ತಿದ್ದಳು. ಅಪ್ಪನ ಬಿಳಿ ಪಂಚೆಗಳು ಒಗೆದಷ್ಟೂ ಕಾವಿಗೆ ತಿರುಗಿ, ಸನ್ಯಾಸ ತೆಗೆದುಕೊಳ್ಳುವ ಯಾವ ಉದ್ದೇಶವೂ ಇಲ್ಲದ ಅವರು ಬೀದಿಯಲ್ಲಿ ಸುಮ್ಮನೆ ನಮಸ್ಕಾರ ಹೊಡೆಸಿಕೊಳ್ಳುತ್ತಿದ್ದರು.

ಧೂಳಿನ ಮೇಲೆ ಅಮ್ಮ ಸಾರಿದ ಯುದ್ಧದಲ್ಲಿ ಅವಳ ಆಯುಧವೆಂದರೆ ಕವರು. ಹೊಲಿಗೆ ಮಿಷನ್ನು ಅವಳಿಗೆ ತವರಿನಿಂದ ಬಂದದ್ದು. ಟಿವಿಗೆ ಕವರು, ಮಿಕ್ಸಿಗೆ ಕವರು, ಗ್ಯಾಸ್ ಸಿಲಿಂಡರಿಗೆ ನೆರಿಗೆ ಇಟ್ಟ ಲಂಗ. ಹೊಲಿಗೆ ಮಿಷನ್ನಿಗೂ ಒಂದು ಕವರು, ಅದನ್ನು ಅದೇ ಮಿಷನ್ನಿನಲ್ಲೇ ಹೊಲಿದದ್ದು. ಇಂಥ ಮನೆಗೆ ಕಂಪ್ಯೂಟರು ಬಂತು.

ಅದು ತಂಗಿ ಪಮ್ಮಿಯ ಸಲುವಾಗಿ ಬಂದದ್ದು. ಪಮ್ಮಿ ಸಂಡೂರು ರಸ್ತೆಯ ಒಂದು ವೇಬ್ರಿಜ್ಜಿನಲ್ಲಿ, ಅಂದರೆ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ, ಗಾಜಿನ ಗೂಡಿನೊಳಗೆ ಕೂತು ಲಾರಿ ನಂಬರು ಟೈಪು ಮಾಡುವ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬಂದರೆ ಸೀನಿ ಸೀನಿ ಮೂಗು ಕೆಂಪು, ಒರೆಸಿದ ಕರವಸ್ತ್ರ ಇನ್ನೂ ಕೆಂಪು. ಅವಳು ಹೇಗೋ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಕಲಿತು, ಮನೆಯಲ್ಲೇ ಲಗ್ನಪತ್ರಿಕೆ ಮಾಡಿಕೊಡುತ್ತೇನೆಂದು ಹಟ ಹಿಡಿದು ಆ ಕೆಲಸ ಬಿಟ್ಟಳು. ದೋಣಿಮಲೈ ಗಣಿಯ ಕ್ವಾರ್ಟರ್ಸಿನಿಂದ ವರ್ಗವಾಗಿ ಹೊರಟ ಒಬ್ಬ ಅಧಿಕಾರಿಯ ಹಳೆಯ ಕಂಪ್ಯೂಟರನ್ನು ಅಪ್ಪ ಕೊಂಡು ತಂದರು. ತಂದ ದಿನವೇ ಷರತ್ತನ್ನೂ ಹಾಕಿದರು: "ಮೊದಲನೇ ಪತ್ರಿಕಿ ಸರಿಯಾಗಿ ಮಾಡಿ ಕೊಡು. ಆಗಲಿಲ್ಲಂದ್ರ ಸುಮ್ಮನ ವೇಬ್ರಿಜ್ಜಿಗೆ ಹೋಗು. ಅವ್ರು ಇನ್ನೂ ನಿನ್ನ ಜಾಗಕ್ಕ ಯಾರನ್ನೂ ತಗೊಂಡಿಲ್ಲ."

ಆ ಕಾಲದಲ್ಲಿ ಕಂಪ್ಯೂಟರು ಇರುವ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ, ನಿಮಗೂ ನೆನಪಿರಬೇಕು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಅಮ್ಮನಿಗೆ ಈ ನಿಯಮ ಬಹಳ ಹಿಡಿಸಿತು. ಚಪ್ಪಲಿ ಬಿಡುವುದರ ಜೊತೆಗೆ ಕಾಲು ತೊಳೆಯುವುದನ್ನೂ ಸೇರಿಸಿದಳು. ಕಂಪ್ಯೂಟರಿಗೆ ನಮ್ಮ ಮನೆಯಲ್ಲಿ ದೇವರ ಮನೆಗಿಂತ ಒಂದು ಮೆಟ್ಟಿಲು ಕೆಳಗಿನ, ಅಡಿಗೆಮನೆಗಿಂತ ಒಂದು ಮೆಟ್ಟಿಲು ಮೇಲಿನ ಮಡಿ ಪ್ರಾಪ್ತವಾಯಿತು. ಮತ್ತು ಕವರು. ದಪ್ಪ ಪರದೆ ಬಟ್ಟೆ, ಒಳಗೆ ಅಸ್ತರು, ಕೆಳಗೆ ಝಾಲರು. ಮಾನಿಟರಿನದು ಕೆಲಸದ ಹೊತ್ತಿಗೆ ತೆಗೆಯುವಂಥದು. ಆದರೆ ಪಕ್ಕದ ದೊಡ್ಡ ಡಬ್ಬಿಯ ಕವರಿನಲ್ಲಿ ಅಮ್ಮ ಬಟನ್ನಿಗೊಂದು, ಫ್ಲಾಪಿಗೊಂದು, ಹಿಂದೆ ವೈರುಗಳಿಗೊಂದು ಕಾಜಾ ಮಾಡಿದ್ದಳು. ಹೀಗಾಗಿ ಆ ಡಬ್ಬಿ ಸಂಭಾವಿತರ ಹಾಗೆ ಮೈತುಂಬ ಬಟ್ಟೆ ತೊಟ್ಟೇ ದುಡಿಯಬಹುದಿತ್ತು.

ಕಂಪ್ಲಿಯ ಅಕ್ಕಿ ಗಿರಣಿಯ ಶರಣಪ್ಪನವರ ಮಗಳ ಲಗ್ನಪತ್ರಿಕೆ ಪಮ್ಮಿಯ ಮೊದಲ ಕೆಲಸ. ಕೆಲಸ ಶುರುವಾದ ದಿನವೇ ಕಂಪ್ಯೂಟರಿನ ಗುಣವೂ ಗೊತ್ತಾಯಿತು. ಹಚ್ಚಿದ ಅರ್ಧ ತಾಸಿಗೆ ಸರಿಯಾಗಿ, ಹೇಳದೆ ಕೇಳದೆ, ಪಟ್ಟನೆ ಬಂದ್ ಆಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಮತ್ತೆ ಚಾಲು, ಟೈಪು ಮಾಡಿದ್ದೆಲ್ಲ ಮಾಯ. ನಡುನಡುವೆ ಸೇವ್ ಮಾಡುವ ರೂಢಿ ಪಮ್ಮಿಗೆ ಆಗಿನ್ನೂ ಆಗಿರಲಿಲ್ಲ.

ಹಳೆಯ ಕಂಪ್ಯೂಟರು ಇಟ್ಟುಕೊಂಡವರಿಗೆ ನಾನು ಕೊಡಬಲ್ಲ ಮೊದಲ ಬುದ್ಧಿಮಾತು ಇದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಇದನ್ನು ನಾನು ಅವತ್ತೇ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಮೂವರೂ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಅಪ್ಪ ಸ್ಟೆಬಿಲೈಸರ್ ತಂದು ಕೂಡಿಸಿದರು. ನೀರಾವರಿ ಕಚೇರಿಯಲ್ಲಿ ನಿವೃತ್ತರಾದ ಅವರ ದೃಷ್ಟಿಯಲ್ಲಿ ಜಗತ್ತಿನ ಸಕಲ ಸಮಸ್ಯೆಯೂ ಹರಿವಿನ ಏರುಪೇರಿನದೇ. ಅದೇ ಹೊತ್ತಿಗೆ ಅಮ್ಮ, "ದಕ್ಷಿಣಕ್ಕ ಮುಖ ಮಾಡಿ ಯಾರರ ಕೆಲಸಕ್ಕ ಕೂಡ್ತಾರೇನು?" ಎಂದು ಮೇಜನ್ನು ಪೂರ್ವಕ್ಕೆ ತಿರುಗಿಸಿದಳು. ಪಮ್ಮಿ, ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ, ಡಬ್ಬಿ ಬಿಚ್ಚಿ ರ್‍ಯಾಮಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದಳು. ಅದು ಒಳ್ಳೆಯ ಉಪಾಯವೇ, ನೀವೂ ಮಾಡಬಹುದು. ಆದರೆ ಮೊದಲು ಪ್ಲಗ್ಗು ಕಿತ್ತು, ಒಂದು ಲೋಹದ ವಸ್ತು ಮುಟ್ಟಿ, ಆಮೇಲೆ. ನಾನು ಸುಮ್ಮನಿರಬಾರದೆಂದು ಕೀಬೋರ್ಡನ್ನು ಬೋರಲು ಹಾಕಿ ಬೆನ್ನು ತಟ್ಟಿದೆ. ಒಂದು ಮುಷ್ಟಿ ಮಂಡಕ್ಕಿ, ಪುಟಾಣಿ, ಹಸಿಮೆಣಸಿನಕಾಯಿಯ ಒಂದು ಚೂರು ಉದುರಿದವು.

"ಮಡಿ ಕೋಣ್ಯಾಗ ಒಗ್ಗರಣಿ-ಮಿರ್ಚಿ ತಿಂದಾವರು ಯಾರು?" ಎಂದು ಅಮ್ಮ ಕೇಳಿದಳು.

ಅಪ್ಪ ಕಿಟಕಿಯ ಕಡೆ ನೋಡಿದರು. "ಆ ದೋಣಿಮಲೈ ಸಾಹೇಬಂದೇ ಇರಬೇಕು."

"ಮೆಣಸಿನಕಾಯಿ ಹಸೀನ ಅದ ರೀ!"

ಅವತ್ತು ಕಂಪ್ಯೂಟರು ಮಧ್ಯಾಹ್ನದವರೆಗೂ ನಿಲ್ಲದೆ ನಡೆಯಿತು. ಡಬ್ಬಿ ಬಿಚ್ಚಿದ್ದರಿಂದ ಕವರು ಮಂಚದ ಮೇಲಿತ್ತು ಎಂಬುದನ್ನು ನಾವ್ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸ್ಟೆಬಿಲೈಸರಿನಿಂದ ಎಂದು ಅಪ್ಪ, ಪೂರ್ವದಿಂದ ಎಂದು ಅಮ್ಮ, ಕಾರಣ ತಿಳಿಯಬೇಕಾದರೆ ಎಲ್ಲವನ್ನೂ ಹಿಂದಿನಂತೆ ಮಾಡಿ ಒಂದೊಂದಾಗಿ ನೋಡಬೇಕು ಎಂದು ನಾನು. "ನಡಿಯೂದನ್ನ ನಿಲ್ಲಿಸಿ, ಯಾಕ ನಡೀತು ಅಂತ ನೋಡಾವ ಇವನೊಬ್ಬನ" ಎಂದು ಅಪ್ಪ ನಕ್ಕರು. ಸಂಜೆ ಕವರು ಏರಿತು, ಅರ್ಧ ತಾಸಿಗೆ ಯಂತ್ರ ನಿಂತಿತು, ಅಪ್ಪನ ನಗೆಯೂ ನಿಂತಿತು. ಪಮ್ಮಿ ಮಾತ್ರ ಅಳಿಸಿಹೋದ ಪತ್ರಿಕೆಯನ್ನು ಮತ್ತೆ ಮೊದಲಿನಿಂದ ಟೈಪು ಮಾಡತೊಡಗಿದಳು. ಬೆರಳು ಕುಟ್ಟುವ ಸದ್ದಿನಲ್ಲೇ ಅವಳ ಸಿಟ್ಟು ಕೇಳುತ್ತಿತ್ತು.

ಎರಡು ಸಲ ಕರಡು ಕೊಡುತ್ತೇವೆಂದು ಹೇಳಿ ಕೊಡಲಾಗಲಿಲ್ಲ. ಶರಣಪ್ಪನವರು, ನಾನೇ ಬಂದು ಕೂತು ಮಾಡಿಸಿಕೊಂಡು ಹೋಗುತ್ತೇನೆ, ಅವತ್ತು ಆಗದಿದ್ದರೆ ಗಂಗಾವತಿಯಲ್ಲಿ ಕೊಡುತ್ತೇನೆ ಎಂದು ಹೇಳಿ ಕಳಿಸಿದರು. ಅಪ್ಪ ಪಮ್ಮಿಯ ವೇಬ್ರಿಜ್ಜಿನ ಊಟದ ಡಬ್ಬಿಯನ್ನು ಅಟ್ಟದಿಂದ ಇಳಿಸಿ, ತೊಳೆದು, ಅವಳಿಗೆ ಕಾಣುವಲ್ಲಿ ಬೋರಲು ಹಾಕಿದರು.

ಅತಿಥಿ ಬರುತ್ತಾರೆಂದು ಅಮ್ಮ ಬೆಳಿಗ್ಗೆಯೇ ಕವರುಗಳನ್ನೆಲ್ಲ ಒಗೆದು ಹಾಕಿದ್ದಳು. ಶರಣಪ್ಪನವರು ಬಂದರು, ಆಜ್ಞೆಯಂತೆ ಕಾಲು ತೊಳೆದರು, ಪಮ್ಮಿಯ ಪಕ್ಕದ ಕುರ್ಚಿಯಲ್ಲಿ ತುಂಬಿ ಕೂತರು. ಪತ್ರಿಕೆಯ ಮೇಲ್ಭಾಗ ಸಲೀಸಾಗಿ ಆಯಿತು. ತೊಡಕು ಬಂದದ್ದು ಸುಖಾಗಮನ ಬಯಸುವವರಲ್ಲಿ.

"ನೋಡವ್ವ, ಸಣ್ಣ ಕಾಕಾನ ಹೆಸರು ಕೆಳಗ ಹಾಕಿದ್ರ ಅವ ಲಗ್ನದಾಗ ಉಣ್ಣಂಗಿಲ್ಲ. ಮ್ಯಾಲೆ ಹಾಕಿದ್ರ ದೊಡ್ಡ ಕಾಕಾ ಬರಂಗ ಇಲ್ಲ."

"ಇಬ್ಬರ್‍ನೂ ಒಂದೇ ಸಾಲಿನ್ಯಾಗ ಹಾಕೋಣೇನ್ರಿ?"

"ಹಾಕ್ಬೌದು. ಎಡಕ್ಕ ಯಾರು?"

ಪಮ್ಮಿ ಸ್ವಲ್ಪ ಯೋಚಿಸಿದಳು. "ಕಮಾನಿನ ಹಂಗ ಬಗ್ಗಿಸಿ ಬರೀತೀನ್ರಿ. ತುದೀಗೆ ನಿಮ್ಮ ಅಜ್ಜಾರ ಹೆಸರು. ಆ ಕಡೆ ಒಂದು ಕಾಲು ದೊಡ್ಡ ಕಾಕಾ, ಈ ಕಡೆ ಒಂದು ಕಾಲು ಸಣ್ಣ ಕಾಕಾ. ಯಾರ ಮ್ಯಾಲೂ ಅಲ್ಲ, ಯಾರ ಕೆಳಗೂ ಅಲ್ಲ."

ಪರದೆಯ ಮೇಲೆ ಹೆಸರುಗಳು ಬಿಲ್ಲಿನಂತೆ ಬಾಗಿದವು. ಶರಣಪ್ಪನವರು ಬಾಯಿ ತೆರೆದು ನೋಡಿದರು. "ಮಸ್ತ್ ಆತು! ಅಜ್ಜನೂ ಬದುಕಿದ್ದಾಗ ಇವರಿಬ್ಬರನ್ನ ಇಷ್ಟು ಚಂದ ಕೂಡಿಸಿರಲಿಲ್ಲ."

ಆ ಹೊತ್ತಿಗೆ ಕಂಪ್ಯೂಟರು ಎರಡು ತಾಸಿನ ಮೇಲೆ ನಡೆದಿತ್ತು. ಅಪ್ಪ ಸ್ಟೆಬಿಲೈಸರಿನ ಕಡೆ ಹೆಮ್ಮೆಯಿಂದ ನೋಡುತ್ತಿದ್ದರು. ಅಷ್ಟರಲ್ಲಿ ಅಮ್ಮ ಒಣಗಿದ ಕವರನ್ನು ಹಿಡಿದು ಬಂದಳು. ಅತಿಥಿಗಳು ನೋಡಲಿ ಎಂಬ ಆಸೆಯೂ ಇತ್ತು. ಡಬ್ಬಿಗೆ ಅದನ್ನು ತೊಡಿಸಿ, ಝಾಲರು ಸರಿಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಪಟ್ಟನೆ ಪರದೆ ಕಪ್ಪಾಯಿತು.

"ಕರೆಂಟ್ ಅದ, ಫ್ಯಾನ್ ತಿರಗ್ಲಿಕ್ಕೆ ಹತ್ತದ" ಎಂದರು ಅಪ್ಪ ಮೆಲ್ಲಗೆ. ಪಮ್ಮಿ ತುಟಿ ಕಚ್ಚಿಕೊಂಡು ಕೂತಿದ್ದಳು. ಶರಣಪ್ಪನವರೂ ಸೇರಿ ನಾವು ನಾಲ್ವರೂ ಕವರನ್ನೇ ನೋಡಿದೆವು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಮ್ಮ ಮೆಲ್ಲಗೆ ಮುಂದೆ ಬಂದು, ಮಕ್ಕಳಿಗೆ ಜ್ವರ ನೋಡುವ ಹಾಗೆ, ಕವರಿನ ಒಳಗೆ ಕೈ ತೂರಿಸಿ ಡಬ್ಬಿಯ ಬೆನ್ನು ಮುಟ್ಟಿದಳು.

"ಅಯ್ಯ, ಇದರ ಮೈ ಕಾದದ! ಈ ಬಿಸಿಲಾಗ ಅಸ್ತರ್ ಹಚ್ಚಿದ ಅಂಗಿ ಹಾಕೀನಲ್ಲ ಇದಕ್ಕ. ನಿಮಗ್ಯಾರಿಗೂ ಹೊಳೀಲಿಲ್ಲೇನು? ಇಷ್ಟು ಓದೀರಿ!"

ಕವರು ಕಳಚಿದಳು. ಪಮ್ಮಿ ಮೇಜಿನ ಕೆಳಗೆ ಬಗ್ಗಿ ವೈರು ನೋಡಿದ ಹಾಗೆ ನೆನಪು. ಬಟನ್ನು ಒತ್ತಿದರೆ ಯಂತ್ರ ಎದ್ದು ಕೂತಿತು. ಕಾಕಾಗಳಿಬ್ಬರೂ ಕಮಾನಿನ ಎರಡು ಕಾಲಾಗಿ ಇದ್ದಲ್ಲೇ ಇದ್ದರು, ಒಂದಕ್ಷರ ಹೋಗಿರಲಿಲ್ಲ. "ಸ್ಟೆಬಿಲೈಸರ್ ಕಾಪಾಡ್ತು" ಎಂದರು ಅಪ್ಪ. ಶರಣಪ್ಪನವರು ಚಹಾ ಕುಡಿದು, ಅಕ್ಷರ ಇನ್ನಷ್ಟು ದಪ್ಪ ಮಾಡಿಸಿ, ಒಪ್ಪಿಗೆ ಕೊಟ್ಟು ಹೋದರು. ಪಮ್ಮಿ ಆ ಊಟದ ಡಬ್ಬಿಯನ್ನು ತಾನೇ ಅಟ್ಟಕ್ಕೆ ಏರಿಸಿದಳು.

ಅಮ್ಮ ಅವತ್ತೇ ಕತ್ತರಿ ಹಿಡಿದಳು. ಬರೀ ತೆಗೆದಿಟ್ಟರೆ ಧೂಳು ಒಳಗೆ ಹೋಗುತ್ತದೆ, ಹಾಕಿದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಗಾಳಿ ಆಡುವ ಕಡೆಯೆಲ್ಲ ಕವರಿಗೆ ಕಿಟಕಿ ಕತ್ತರಿಸಿ, ಅಲ್ಲಿ ಅಪ್ಪನ ಹಳೆಯ ಪಂಚೆಯ ತೆಳು ಬಟ್ಟೆ ಹೊಲಿದಳು. ವಾರಕ್ಕೊಮ್ಮೆ ಅದನ್ನು ಬಿಚ್ಚಿ ಒಗೆದರೆ ಬಕೆಟ್ಟಿನ ನೀರು ಕುಂಕುಮದ ನೀರಾಗುತ್ತಿತ್ತು.

"ನೋಡ್ರಿ, ಇಷ್ಟೆಲ್ಲಾ ಅದರ ಹೊಟ್ಟಿಗೆ ಹೋಗ್ತಿತ್ತು" ಎನ್ನುತ್ತಿದ್ದಳು ಅಮ್ಮ.

"ನಮ್ಮ ಹೊಟ್ಟಿಗೆ ಹೋಗಿದ್ದನ್ನ ಯಾರು ಒಗೀತಾರ?" ಎನ್ನುತ್ತಿದ್ದರು ಅಪ್ಪ.

ಈ ಪ್ರಸಂಗವನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೇನೆ. ಒಂದಿದ್ದಾಗ ಇನ್ನೊಂದಿರುವುದು ಅನ್ವಯ, ಒಂದಿಲ್ಲದಾಗ ಇನ್ನೊಂದಿಲ್ಲದಿರುವುದು ವ್ಯತಿರೇಕ. ಕವರು ಹಾಕಿದರೆ ಬಂದ್, ತೆಗೆದರೆ ಚಾಲು. ಇದಕ್ಕಿಂತ ಶುದ್ಧವಾದ ಕಾರ್ಯಕಾರಣದ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೂ ಬರೆಯುವ ಮೊದಲು ಸಾಕ್ಷಿ ಕೇಳಬೇಕಲ್ಲ, ನಿನ್ನೆ ಪಮ್ಮಿಗೆ ಫೋನು ಮಾಡಿದೆ. ಹೊಸಪೇಟೆಯಲ್ಲಿ ಈಗ ಅವಳದೇ ಮುದ್ರಣದ ಅಂಗಡಿಯಿದೆ. ನನ್ನ ನೆನಪನ್ನೆಲ್ಲ ಒಪ್ಪಿಸಿದೆ.

"ಎಲ್ಲಾ ಬರೋಬ್ಬರಿ ಅದ. ಅಣ್ಣಾ, ಒಂದು ಕೇಳ್ತೀನಿ. ಅದು ಯಾವಾಗ್ಲೂ ಎಷ್ಟೊತ್ತಿಗೆ ಬಂದ್ ಆಗ್ತಿತ್ತು?"

"ಅರ್ಧ ತಾಸಿಗೆ."

"ಅವತ್ತು?"

ಅವತ್ತು ಅಮ್ಮ ಝಾಲರು ಸರಿಮಾಡಿ ಹಿಂದೆ ಸರಿಯುವಷ್ಟರಲ್ಲಿ.

"ಮೇಜಿನ ಕೆಳಗ ಎಕ್ಸ್‌ಟೆನ್ಶನ್ ಬೋರ್ಡ್ ಇತ್ತಲ್ಲ. ಕಾಲಬೆರಳಿಲೆ ಅದರ ಸ್ವಿಚ್ ನಾನ ಒತ್ತಿದ್ದೆ" ಎಂದಳು ಪಮ್ಮಿ. ನಾವೆಲ್ಲ ಹಂಪಿಗೆ ಯಾರದೋ ಮುಂಜಿಗೆ ಹೋದ ದಿನ ಅವಳು ಕವರು ತೆಗೆದಿಟ್ಟು ಇಡೀ ದಿನ ಕೆಲಸ ಮಾಡಿ ನೋಡಿದ್ದಳಂತೆ. ನಾವು ಬರುವುದರೊಳಗೆ ಮತ್ತೆ ಹಾಕಿದ್ದಳಂತೆ.

"ಹೇಳಬಹುದಿತ್ತಲ್ಲ ಮಾರಾಯ್ತಿ!"

"ಹೇಳಿದ್ದೆ. 'ಧೂಳು ಹೋಗ್ತದ, ನಿನಗೇನು ತಿಳೀತದ' ಅಂದ್ಲು ಅಮ್ಮ. ನೀನೂ ಅಲ್ಲೇ ಕೂತಿದ್ದಿ, ಸ್ಟೆಬಿಲೈಸರ್ ನೋಡ್ಕೋತ. ಮತ್ತ ನನಗ ಆ ಗಾಜಿನ ಗೂಡಿಗೆ ಹೋಗೂದಿರಲಿಲ್ಲ."

"ಕಂಪ್ಲಿಯವರ ಹೆಸರೆಲ್ಲಾ ಹೋಗಿದ್ರ?"

"ಸೇವ್ ಮಾಡೇ ಒತ್ತಿದ್ದು. ನಾನೇನು ಹುಚ್ಚಿ ಏನು?"

ಪಮ್ಮಿಯ ಹಿಂದಿನಿಂದ ಅಮ್ಮನ ದನಿ ಕೇಳಿತು. "ಯಾರದು? ಅವನೇನು? ಕೊಡು ಇಲ್ಲೆ." ಫೋನು ಕೈ ಬದಲಾಯಿತು. "ಕಂಪ್ಯೂಟರ್ ಬಗ್ಗೆ ಬರೀತೀಯಂತ? ಛಲೋ ಬರಿ. ನಾನ ಹುಡುಕಿದ್ದು ಅಂತ ಹಾಕು ಮತ್ತ. ಹೌದಲ್ಲೋ?"

ಸಾಕ್ಷಿಯಿಲ್ಲದೆ ಯಾವುದನ್ನೂ ಒಪ್ಪಬಾರದೆಂದು ಹೇಳಿಕೊಟ್ಟು ಇಷ್ಟು ವರ್ಷ ಸಂಬಳ ಎಣಿಸಿದವನು ನಾನು.

"ಹೌದಮ್ಮ, ನೀನ" ಎಂದೆ.

ಈ ಬರಹ ಅಚ್ಚಾದಾಗ ಅದು ಅಮ್ಮನ ಕೈಗೆ ಸಿಗದಂತೆ ನೋಡಿಕೊಳ್ಳುವ ಕೆಲಸವನ್ನು ಪಮ್ಮಿ ಒಪ್ಪಿಕೊಂಡಿದ್ದಾಳೆ. ಹೇಗೆ ಎಂದು ನಾನು ಕೇಳಲಿಲ್ಲ.