ನಂಬರಮ್ಮ ಕಾಯುವ ಬೀಗಗಳು

ಬೆಳಗಿನ ಆರಕ್ಕೆ ಐದು ನಿಮಿಷ. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ತಂತ್ರಾಂಶದ ಎಂಜಿನಿಯರ್ ಆದ ಆಕೆ ಶಾಲು ಹೊದ್ದು ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದಾಳೆ. ಯಂತ್ರಗಳಿಗೆ ತಂಪು ಬೇಕಲ್ಲ, ಮನುಷ್ಯರ ಮಂಡಿನೋವು ಯಾರಿಗೆ ಬೇಕು! ಮೇಲಿನ ಆರು ಮಹಡಿಗಳಲ್ಲಿ ಇದು ಪಾಳಿ ಬದಲಾಗುವ ಹೊತ್ತು. ನಾನೂರು ನರ್ಸ್‌ಗಳು ಒಟ್ಟಿಗೇ ಹಾಸಿಗೆ, ಔಷಧಿಗಳ ದಾಖಲೆ ತೆರೆಯುತ್ತಾರೆ. ತಂತ್ರಾಂಶದ ಹೊಸ ಆವೃತ್ತಿಗೆ ಇದು ಮೊದಲ ಬೆಳಗು. ಅದು ನಿಂತರೆ, ಯಾರಿಗೆ ಯಾವ ಔಷಧಿ ಎಂಬುದೇ ತಿಳಿಯದು.

ಆ ತಂತ್ರಾಂಶದೊಳಗೆ ಏಕಕಾಲಕ್ಕೆ ನೂರಾರು ಕೆಲಸಗಳು ಓಡುತ್ತವೆ. ಎರಡು ಕೆಲಸಗಳು ಒಂದೇ ದಾಖಲೆಗೆ ಕೈಹಾಕದಿರಲೆಂದು ಪ್ರತಿ ಬಗೆಯ ದಾಖಲೆಗೂ ಒಂದು ಬೀಗ. ಒಂದು ಕೆಲಸ ಹಾಸಿಗೆಯ ಬೀಗ ಹಿಡಿದು ಔಷಧಿಯದಕ್ಕೆ ಕಾದರೆ, ಇನ್ನೊಂದು ಔಷಧಿಯದನ್ನು ಹಿಡಿದು ಹಾಸಿಗೆಯದಕ್ಕೆ ಕಾಯುತ್ತದೆ. ಎರಡೂ ಕದಲುವುದಿಲ್ಲ, ಅಲ್ಲಿಗೆ ಕಥೆ ಮುಗಿಯಿತು. “ಜಗಳ ಆಡಿದ್ರಾದ್ರೂ ಗೊತ್ತಾಗ್ತಿತ್ತು. ಎರಡೂ ಬಲು ಮರ್ಯಾದಸ್ಥವು, ತುಟಿಪಿಟಕ್ಕೆನ್ನದೆ ಕಾಯ್ತಾ ಕೂತುಬಿಡ್ತವೆ,” ಎನ್ನುತ್ತಾಳೆ ಆಕೆ.

ಹನ್ನೊಂದು ವರ್ಷದ ಹಿಂದೆ ಆಕೆ ನಲವತ್ತಮೂರು ಬೀಗಗಳಿಗೂ ನಂಬರು ಕೊಟ್ಟಳು. ಚಿಕ್ಕ ನಂಬರಿನದನ್ನು ಮೊದಲು ಹಿಡಿಯಬೇಕು, ದೊಡ್ಡದನ್ನು ಆಮೇಲೆ. ದೊಡ್ಡದು ಕೈಯಲ್ಲಿದ್ದಾಗ ಚಿಕ್ಕದು ಬೇಕಾಯಿತೋ, ಹಿಡಿದದ್ದನ್ನು ಬಿಟ್ಟು ಮೊದಲಿನಿಂದ ಬರಬೇಕು. ಎಲ್ಲರೂ ಒಂದೇ ದಿಕ್ಕಿಗೆ ನಡೆದರೆ ದಾರಿಗೆ ಅಡ್ಡ ನಿಲ್ಲುವವರು ಯಾರು? ಆ ಪಟ್ಟಿ ಗೋಡೆಯ ಮೇಲಿದೆ. ಆಕೆಗೆ ‘ನಂಬರಮ್ಮ’ ಎಂಬ ಹೆಸರೂ ಅಂಟಿದೆ.

ನಿನ್ನೆ ಮಧ್ಯಾಹ್ನ, ರೋಗಿಯನ್ನು ವಾರ್ಡಿನಿಂದ ವಾರ್ಡಿಗೆ ಸಾಗಿಸುವ ಹೊಸ ಭಾಗದಲ್ಲಿ ಎರಡು ಬೀಗಗಳು ಹಿಂದುಮುಂದಾಗಿದ್ದು ಆಕೆಯ ಕಣ್ಣಿಗೆ ಬಿತ್ತು.

“ಸಾವಿರ ಸಲ ಓಡಿಸಿದೀವಿ ಮೇಡಂ, ಒಂದ್ಸಲಾನೂ ನಿಂತಿಲ್ಲ. ಸೈನ್ ಹಾಕ್ಬಿಡಿ,” ಎಂದ ಮ್ಯಾನೇಜರು.

“ಸಾವಿರದ ಒಂದನೇದು ಐಸಿಯುನಲ್ಲಿ ನಿಂತ್ರೆ? ಆ ಹಾಸಿಗೆ ಪಕ್ಕ ನೀವು ಹೋಗಿ ನಿಲ್ತೀರಾ?”

ಆಕೆ ಸೈನ್ ಹಾಕಲಿಲ್ಲ. ತಂತ್ರಾಂಶದ ಆ ಎರಡು ಸಾಲು ಅದಲುಬದಲಾದ ಮೇಲಷ್ಟೇ ಪೆನ್ನು ತೆಗೆದಳು. ಅಪಘಾತವಾದರೆ ಓಡಿಬಂದವನಿಗೆ ಹಾರ ಹಾಕುತ್ತೇವೆ. ಅಪಘಾತ ಆಗಗೊಡದವಳ ವಾರ್ಷಿಕ ವರದಿಯಲ್ಲಿ “ಗಮನಾರ್ಹ ಸಾಧನೆ ಇಲ್ಲ” ಎಂದು ಬರೆಯುತ್ತೇವೆ. ನಾಚಿಕೆಯಾಗಬೇಕು ನಮಗೆ.

“ಬರ್ಕೊಳ್ಳಲಿ ಬಿಡಿ. ನಾನು ಹೋದ್ಮೇಲೂ ಆ ಪಟ್ಟಿ ಗೋಡೆ ಮೇಲಿದ್ರೆ ಸಾಕು,” ಎನ್ನುತ್ತಾಳೆ ಆಕೆ.

ಆರೂ ಇಪ್ಪತ್ತು. ಫೋನು ರಿಂಗಾಗುತ್ತದೆ. ನಾಲ್ಕನೇ ಮಹಡಿಯ ನರ್ಸು, ಅವಳ ಸ್ವಂತ ಅಕ್ಕ.

“ಇನ್ನೂ ಅಲ್ಲೇ ಕೂತಿದೀಯೇನೇ? ಇಲ್ಲೇನೂ ಆಗಿಲ್ಲ, ಎದ್ದು ಬಾರೇ.”

ನಂಬರಮ್ಮ ಶಾಲು ಮಡಚುತ್ತಾ ನಗುತ್ತಾಳೆ. “ಏನೂ ಆಗಿಲ್ಲ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳೇ ಅಕ್ಕಾ.”